ತೂತಿನ ಕಾಸಿನ ಕಾಲ

ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಮೇಲೆ ಒಂದು ಬಾಂಬೂ ಬೀಳಲಿಲ್ಲ. ಶತ್ರುವಿನ ಸಿಪಾಯಿ ಬಂದೂಕು ಹಿಡಿದು ನಮ್ಮ ಬೀದಿಗಳಲ್ಲಿ ನಡೆಯಲಿಲ್ಲ. ಹೀಗಿರುವಾಗ ಬೆಂಗಳೂರಿಗೆ ಆ ಯುದ್ಧದ ಚರಿತ್ರೆಯೊಂದು ಉಂಟೇ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಉಂಟು ಎಂಬುದೇ ನನ್ನ ಉತ್ತರ. ರಣರಂಗದ ಚರಿತ್ರೆಗೆ ದಳಪತಿಗಳ ವರದಿಗಳಿವೆ, ನಕ್ಷೆಗಳಿವೆ, ಸಂಪುಟಗಟ್ಟಲೆ ಗ್ರಂಥಗಳಿವೆ. ಅಡುಗೆಮನೆಯೊಳಕ್ಕೆ ಬಂದ ಯುದ್ಧಕ್ಕೆ ಇಂಥ ಆಧಾರಗಳು ಕಡಮೆ. ಅದನ್ನು ಕಣ್ಣಾರೆ ಕಂಡವರೂ ಈಗ ಕೆಲವರೇ. ಆಗ ಶಾಲೆಗೆ ಹೋಗುತ್ತಿದ್ದ ಹುಡುಗರು ಈಗ ತೊಂಬತ್ತರ ಆಚೀಚಿನವರು. ನಾನೂ ಆ ಪೈಕಿ. ನೆನಪಿನಲ್ಲಿ ಉಳಿದಿರುವಷ್ಟನ್ನು, ಆಮೇಲೆ ಓದಿ ತಿಳಿದುದರೊಡನೆ ತಾಳೆ ನೋಡಿ, ಇಲ್ಲಿ ಹೇಳುತ್ತೇನೆ. ಮಕ್ಕಳ ನೆನಪು ಪೂರ್ತಿ ನಂಬತಕ್ಕದ್ದಲ್ಲ ಎನ್ನುತ್ತಾರೆ. ನಿಜವೇ. ಆದರೆ ಕೆಲವು ಸಂಗತಿಗಳು ಮಗುವಿನ ಕಣ್ಣಿನ ಮಟ್ಟದಲ್ಲೇ ಇರುತ್ತವೆ. ದೊಡ್ಡವರು ಅವನ್ನು ದಾಟಿಕೊಂಡು ಹೋಗಿಬಿಡುತ್ತಾರೆ.

ಚಾಮರಾಜಪೇಟೆಯ ಒಂದು ವಠಾರದಲ್ಲಿ ನಮ್ಮ ವಾಸ. ಒಂದು ಬಾವಿ, ಹತ್ತು ಸಂಸಾರ, ಇಡೀ ವಠಾರಕ್ಕೆ ಒಂದೇ ದಿನಪತ್ರಿಕೆ. ಆ ಕಾಲದ ಬೆಂಗಳೂರು ಒಂದಲ್ಲ, ಎರಡು ಊರು. ನಗರ ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿತ್ತು. ದಂಡು ಬ್ರಿಟಿಷರ ವಶದಲ್ಲಿತ್ತು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಅವು ಒಂದಾದದ್ದು 1949ರಲ್ಲಿ. ದಂಡಿನಲ್ಲಿ ಸೈನ್ಯವನ್ನು ಕಾಣುವುದು ನಮಗೆ ಹೊಸತಲ್ಲ. ಆದ್ದರಿಂದ 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿಯ ನಾಯಕರನ್ನು ಒಂದು ಮಾತೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದಾಗ, ವಠಾರದಲ್ಲಿ ಯಾರೂ ಗಾಬರಿಗೊಂಡಂತೆ ನೆನಪಿಲ್ಲ. ಯುದ್ಧ ಯೂರೋಪಿನದು, ನಮ್ಮದು ಓದುವುದು, ಚರ್ಚಿಸುವುದು. 1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು ನಮ್ಮ ಬೀದಿಗೆ ಫ್ರಾನ್ಸ್ ದೇಶ ಬಿದ್ದದ್ದಕ್ಕಿಂತ ದೊಡ್ಡ ಸುದ್ದಿ. ಅಂದು ಹೆಂಗಸರು ಸ್ವಂತ ಮನೆಯವರು ಹೋದಂತೆ ಅತ್ತರು.

ಯುದ್ಧ ಮೊದಲು ನಮ್ಮೂರಿಗೆ ಬಂದದ್ದು ಉದ್ಯೋಗದ ರೂಪದಲ್ಲಿ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲರು ದಿವಾನರು. ಮರುವರ್ಷವೇ ಭಾರತ ಸರ್ಕಾರವೂ ಪಾಲು ಕೊಂಡಿತು. ಜಪಾನು ಯುದ್ಧಕ್ಕೆ ಇಳಿದ ಮೇಲೆ, 1942ರಲ್ಲಿ, ಕಾರ್ಖಾನೆಯ ಹಿಡಿತವನ್ನು ತಾನೇ ತೆಗೆದುಕೊಂಡಿತು. 1943ರಲ್ಲಿ ಅಮೆರಿಕದ ವಾಯುಸೇನೆಯವರು ಬಂದರು. ಹೊಸ ವಿಮಾನ ಕಟ್ಟುವುದಕ್ಕಿಂತ, ಏಟು ತಿಂದು ಬಂದ ವಿಮಾನಗಳ ರಿಪೇರಿಯೇ ಅಲ್ಲಿ ಮುಖ್ಯ ಕೆಲಸವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಕಪಿಲೆಯೆತ್ತು ನೀರು ಸೇದುತ್ತಿದ್ದ ಬಯಲಿನ ಪಕ್ಕದಲ್ಲಿ ಆಕಾಶದಿಂದ ಒಂದು ದೋಣಿ ಬಂದು ಕೆರೆಗೆ ಇಳಿಯುವುದೆಂದರೆ ಹುಡುಗರಿಗೆ ಅದಕ್ಕಿಂತ ಬೇರೆ ಪುರಾಣ ಬೇಕೇ? ನಮ್ಮ ವಠಾರದಿಂದಲೇ ಇಬ್ಬರು ಯುವಕರು ಆ ಕಾರ್ಖಾನೆಗೆ ಸೇರಿದರು. ಸಂಜೆ ಅವರು ಎಣ್ಣೆ ಮೆತ್ತಿದ ಕೈಗಳನ್ನು ಬಾವಿಕಟ್ಟೆಯಲ್ಲಿ ತೊಳೆಯುವಾಗ ನಾವು ಸುತ್ತ ನಿಂತು ನೋಡುತ್ತಿದ್ದೆವು.

ಆದರೆ ಮತ್ತೊಬ್ಬ ಯುವಕ ಬೇರೆ ದಾರಿಯಲ್ಲಿ ಹೋಗಿದ್ದ. ವಠಾರದ ಹಿಂಬದಿಯ ಮನೆಯಲ್ಲಿ ಒಬ್ಬ ವಿಧವೆ ಇದ್ದರು. ನಾವು ಮಕ್ಕಳೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಅವರ ಒಬ್ಬನೇ ಮಗ ಮೈಸೂರು ಸಂಸ್ಥಾನದ ಕಾಲಾಳು ಪಡೆಗೆ ಸೇರಿದ್ದ. ಮೈಸೂರಿನ ಒಂದನೆಯ ಇನ್‌ಫೆಂಟ್ರಿಯನ್ನು, ಬೇರೆ ಕೆಲವು ಸಂಸ್ಥಾನಗಳ ದಳಗಳಂತೆ, ಮಲಯಕ್ಕೆ ಕಳುಹಿಸಿದ್ದರು. ಅಲ್ಲಿಂದ ಅವನು ಬರೆದ ಕಾಗದವೊಂದನ್ನು ನಾನೇ ದೊಡ್ಡಮ್ಮನಿಗೆ ಓದಿ ಹೇಳಿದೆ. ಇಲ್ಲಿಯೂ ತೆಂಗಿನ ಮರಗಳಿವೆ, ಮಳೆ ಮಾತ್ರ ಬಹಳ, ಎಂದು ಬರೆದಿದ್ದ. ಅದೇ ಕೊನೆಯ ಕಾಗದ.

1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕೆ ಇಳಿಯಿತು. ಎರಡು ತಿಂಗಳಲ್ಲಿ ಮಲಯ ಕೈಬಿಟ್ಟಿತು. 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾಯಿತು. ಅಲ್ಲಿ ಸೆರೆ ಸಿಕ್ಕವರಲ್ಲಿ ಸುಮಾರು ನಲವತ್ತು ಸಾವಿರ ಮಂದಿ ಭಾರತೀಯ ಸೈನಿಕರು. ಮೈಸೂರಿನ ದಳವೂ ಅವರಲ್ಲಿ ಸೇರಿತ್ತು. ಆಗ ನನಗೆ ಒಂಬತ್ತು ವರ್ಷ. ದೊಡ್ಡಮ್ಮನಿಗೆ ಓದು ಬಾರದು. ಪ್ರತಿದಿನ, ಮನೆಯ ಗಂಡಸರು ಪತ್ರಿಕೆಯನ್ನು ನೋಡಿ ಮುಗಿಸಿದ ಮೇಲೆ, ನಾನು ಅದನ್ನು ಹಿಡಿದು ಅವರ ಜಗಲಿಗೆ ಹೋಗುವುದು ರೂಢಿ. ಅಂದು ದೊಡ್ಡಕ್ಷರದಲ್ಲಿ ಇದ್ದುದನ್ನು ಇದ್ದಂತೆ ಓದಿದೆ: ಸಿಂಗಾಪುರ ಬಿತ್ತು.

“ಬಿತ್ತು ಅಂದ್ರೆ ಏನಪ್ಪ?” ಎಂದರು.

ನನಗೂ ತಿಳಿಯಲಿಲ್ಲ. ಮನೆಗೆ ಹೋಗಿ ತಂದೆಯವರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಹೋಗಿ ಏನೂ ಹೇಳಬೇಡ” ಎಂದರು. ಮಾರನೆಯ ದಿನ ದೊಡ್ಡಮ್ಮ ಮತ್ತೆ ಕೇಳಿದರು. ಆಗ ನಾನು ಪತ್ರಿಕೆಯ ಮೇಲೆ ಬೆರಳಿಟ್ಟು, ಅಲ್ಲಿ ಇಲ್ಲದ ಒಂದು ವಾಕ್ಯವನ್ನು ಓದಿದೆ: ಮೈಸೂರಿನ ಸಿಪಾಯಿಗಳು ಕ್ಷೇಮವಾಗಿದ್ದಾರೆ. ಅಂದಿನಿಂದ ಅದು ನನ್ನ ಕೆಲಸವಾಯಿತು. ಸರ್ಕಾರ ಸುದ್ದಿಯನ್ನು ಸೋಸಿ ಪತ್ರಿಕೆಗಳಿಗೆ ಕೊಡುತ್ತಿದ್ದ ಕಾಲ. ನಾನು ಅದನ್ನು ಇನ್ನೊಮ್ಮೆ ಸೋಸಿ ಜಗಲಿಗೆ ಒಯ್ಯುತ್ತಿದ್ದೆ.

ಮಾರ್ಚ್ 8ರಂದು ರಂಗೂನು ಹೋಯಿತು. ಏಪ್ರಿಲ್ 5ರಂದು ಕೊಲಂಬೊ ಮೇಲೆ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬು ಬಿತ್ತು. ಇನ್ನು ಮದರಾಸಿನ ಸರದಿ ಎಂಬ ಭೀತಿ ಹಬ್ಬಿ, ಲಕ್ಷಾಂತರ ಜನ ಆ ಪಟ್ಟಣವನ್ನು ಬಿಟ್ಟರು. ಸರ್ಕಾರದ ಕಚೇರಿಗಳೇ ಒಳನಾಡಿಗೆ ಹೊರಟವು. ಬಾಂಬು ಬಿದ್ದು ಬೋನು ಒಡೆದರೆ ಕಷ್ಟವೆಂದು ಅಲ್ಲಿಯ ಮೃಗಾಲಯದ ಹುಲಿ ಸಿಂಹಗಳಿಗೆ ಗುಂಡಿಕ್ಕಿದರು. ಈ ಸುದ್ದಿ ಕೇಳಿ ನಾವು ಮಕ್ಕಳು ಎರಡು ದಿನ ದುಃಖಪಟ್ಟೆವು. ಮನುಷ್ಯರ ಸಾವು ನಮಗೆ ಅಷ್ಟು ಅರ್ಥವಾಗುತ್ತಿರಲಿಲ್ಲ. ಮದರಾಸಿನಿಂದ ಬಂದ ರೈಲುಗಳಲ್ಲಿ ಹಾಸಿಗೆ, ಪಾತ್ರೆ, ತೊಟ್ಟಿಲುಗಳ ಸಮೇತ ಬಂಧುಗಳು ಇಳಿದರು. ಎರಡು ಕೋಣೆಯ ನಮ್ಮ ಮನೆಯಲ್ಲಿ ಆ ಬೇಸಗೆ ಹದಿಮೂರು ಜನ ಮಲಗುತ್ತಿದ್ದೆವು. ದೊಡ್ಡವರಿಗೆ ಅದು ಇಕ್ಕಟ್ಟು, ನಮಗೆ ಮದುವೆಮನೆ.

ಶಾಲೆಯ ಬಯಲಿನಲ್ಲಿ ಕಂದಕ ತೋಡಿದರು. ಕಿಟಕಿಯ ಗಾಜುಗಳಿಗೆ ಕಾಗದದ ಪಟ್ಟಿ ಅಂಟಿಸಿದರು. ದೀಪಗಳಿಗೆ ಕಪ್ಪು ಕಾಗದದ ಟೋಪಿ ಹಾಕಿದರು. ಸೈರನ್ ಕೂಗಿದರೆ ಕಂದಕಕ್ಕೆ ಇಳಿದು, ಕಿವಿಗೆ ಬೆರಳಿಟ್ಟು, ಹಲ್ಲುಗಳ ನಡುವೆ ಕರವಸ್ತ್ರ ಕಚ್ಚಿಕೊಂಡು ಬೋರಲು ಮಲಗಬೇಕೆಂದು ಮೇಷ್ಟರು ಅಭ್ಯಾಸ ಮಾಡಿಸಿದರು. ಮುಂಗಾರು ಬಂದಾಗ ಕಂದಕ ತುಂಬಿತು. ಜಪಾನಿನ ವಿಮಾನ ಬರಲಿಲ್ಲ, ಕಪ್ಪೆಗಳು ಬಂದವು. ಆ ವರ್ಷ ನಾವು ಅದರಲ್ಲಿ ಕಾಗದದ ದೋಣಿ ಬಿಟ್ಟೆವು.

ಅದೇ ಮಳೆಗಾಲದಲ್ಲಿ ಇನ್ನೊಂದು ಹೋರಾಟ ಬೀದಿಗೆ ಇಳಿಯಿತು. ಆಗಸ್ಟ್ 9ರಂದು ಗಾಂಧೀಜಿ ಮತ್ತು ಇತರ ನಾಯಕರು ಸೆರೆಯಾದರು. ಬೆಂಗಳೂರಿನಲ್ಲಿ ಕಾಲೇಜು ಶಾಲೆಗಳು ಖಾಲಿಯಾದವು. ಮೈಸೂರು ಬ್ಯಾಂಕಿನ ಚೌಕದಲ್ಲಿ ಗುಂಡು ಹಾರಿತು, ಜೀವಗಳು ಹೋದವು. ಅಲ್ಲಿ ಮಡಿದವರ ಸ್ಮಾರಕ ಇಂದಿಗೂ ಇದೆ. ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಎಂಬ ಬಾಲಕ ಗುಂಡಿಗೆ ಬಲಿಯಾದ. ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರವೆಂದು ಸಾರಿತು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚಿಯಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ನಮ್ಮ ಬೆಂಗಳೂರಿನ ಸೆಂಟ್ರಲ್ ಜೈಲು ತುಂಬಿತು. ಈಗ ಅಲ್ಲಿ ಫ್ರೀಡಂ ಪಾರ್ಕ್ ಇದೆ. ವಠಾರದ ಒಂದು ಮನೆಯಲ್ಲಿ ಅಣ್ಣ ವಿಮಾನ ಕಾರ್ಖಾನೆಯಲ್ಲಿ, ತಮ್ಮ ಜೈಲಿನಲ್ಲಿ. ಅವರ ತಾಯಿ ಒಬ್ಬನಿಗೆ ಬುತ್ತಿ ಕಟ್ಟಿ ಕಳುಹಿಸಿ, ಇನ್ನೊಬ್ಬನನ್ನು ನೋಡಲು ಹೋಗುತ್ತಿದ್ದರು. ಯಾರು ಸರಿ ಎಂದು ವಠಾರದಲ್ಲಿ ವಾದವಾದಾಗ ಆಕೆ ಬಾಯಿ ಬಿಟ್ಟದ್ದನ್ನು ನಾನು ಕೇಳಲಿಲ್ಲ.

ಇಷ್ಟೆಲ್ಲ ನಡೆದರೂ, ಯುದ್ಧ ನಿಜವಾಗಿ ಮನೆಯೊಳಕ್ಕೆ ಕಾಲಿಟ್ಟದ್ದು ಅಭಾವದ ರೂಪದಲ್ಲಿ. ಒಂದೊಂದಾಗಿ ಪದಾರ್ಥಗಳು ಮಾಯವಾದವು. ಪ್ರತಿಯೊಂದರ ಹಿಂದೆಯೂ ದೂರದ ಒಂದು ಊರಿನ ಪತನವಿತ್ತೆಂಬುದು ಆಮೇಲೆ ತಿಳಿಯಿತು. ಬರ್ಮಾ ಹೋದದ್ದರಿಂದ ಅಲ್ಲಿಂದ ವರ್ಷ ವರ್ಷವೂ ಬರುತ್ತಿದ್ದ ಹತ್ತು ಲಕ್ಷ ಟನ್ನಿಗೂ ಮೀರಿದ ಅಕ್ಕಿ ನಿಂತಿತು. ಅಲ್ಲಿಯ ಎಣ್ಣೆಬಾವಿಗಳನ್ನು ಶತ್ರುವಿಗೆ ಸಿಗದಂತೆ ಸುಟ್ಟದ್ದರಿಂದ ಸೀಮೆಎಣ್ಣೆ ನಿಂತಿತು; ಅಟ್ಟಕ್ಕೆ ಹೋಗಿದ್ದ ಹಳೆಯ ಹಣತೆಗಳು ಕೆಳಗಿಳಿದು, ಹೊಂಗೆಯೆಣ್ಣೆಯ ಕಮಟು ವಾಸನೆಯಲ್ಲಿ ನಾವು ಮಗ್ಗಿ ಬಾಯಿಪಾಠ ಮಾಡಿದೆವು. ಜಾವಾ ಹೋದದ್ದರಿಂದ ಕ್ವಿನೈನ್ ನಿಂತಿತು. ಲೋಕಕ್ಕೆ ಬೇಕಾದ ಸಿಂಕೋನಾ ತೊಗಟೆಯಲ್ಲಿ ಬಹುಪಾಲು ಆ ಒಂದು ದ್ವೀಪದಿಂದ ಬರುತ್ತಿದ್ದುದು. ಮಲೆನಾಡಿನ ಚಳಿಜ್ವರದವರಿಗೆ ಅದರ ಅರ್ಥವೇನೆಂಬುದನ್ನು ಹೇಳಬೇಕಾದುದಿಲ್ಲ. ಜಪಾನಿನ ರೇಷ್ಮೆ ನಿಂತದ್ದರಿಂದ ಮೈಸೂರಿನ ರೇಷ್ಮೆಗೆ ಬೇಡಿಕೆ ಬಂತು. ಅದು ಸೀರೆಯಾಗುವ ಬದಲು ಪ್ಯಾರಾಷೂಟಿಗೆ ಹೋಯಿತು.

ಚಿಲ್ಲರೆಯ ಅಭಾವ ಮಕ್ಕಳಿಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರುವಂಥದು. 1940ರಲ್ಲಿ ಸರ್ಕಾರ ರೂಪಾಯಿನ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿತು. ಒಂದು ರೂಪಾಯಿನ ನೋಟನ್ನು ಚಲಾವಣೆಗೆ ತಂದಿತು. ಬೆಳ್ಳಿಯ ಹಳೆಯ ರೂಪಾಯಿಗಳು ಪೆಟ್ಟಿಗೆಗಳ ತಳ ಸೇರಿದವು. ಆಮೇಲೆ ತಾಮ್ರದ ಕಾಸೂ ಕಾಣೆಯಾಯಿತು. ಅಂಗಡಿಯವರು ಚಿಲ್ಲರೆಯ ಬದಲು ಅಂಚೆ ಚೀಟಿಯನ್ನೋ ಕೈಬರಹದ ಚೀಟಿಯನ್ನೋ ಕೊಡತೊಡಗಿದರು. ಚಿಲ್ಲರೆ ಬಚ್ಚಿಡುವುದೇ ಅಪರಾಧವಾಯಿತು. 1943ರಲ್ಲಿ ಹೊಸ ಕಾಸು ಬಂತು: ನಡುವೆ ದುಂಡಗೆ ದೊಡ್ಡ ತೂತು. ರೂಪಾಯಿಗೆ ಅರವತ್ತನಾಲ್ಕು ಲೆಕ್ಕದ ಕಾಲಾಣೆಯೇ ಅದು. ಆದರೆ ತೂಕ ಹಳೆಯದರ ಅರ್ಧಕ್ಕೂ ಕಡಮೆ. ಉಳಿದ ಲೋಹವೆಲ್ಲ ಯುದ್ಧಕ್ಕೆ. ನಾವು ಅದನ್ನು ದಾರಕ್ಕೆ ಪೋಣಿಸಿ ಉಡಿದಾರಕ್ಕೆ ಕಟ್ಟಿಕೊಂಡೆವು. ಬಡಗಿಗಳು ಮೊಳೆಯ ಕೆಳಗೆ ವಾಷರ್ ಮಾಡಿಕೊಂಡರು. “ಸರ್ಕಾರ ನಡುವಿನದನ್ನು ತಾನಿಟ್ಟುಕೊಂಡು ಸುತ್ತಿನದನ್ನು ನಮಗೆ ಕೊಟ್ಟಿದೆ” ಎಂದು ತಂದೆಯವರು ನಗುತ್ತಿದ್ದರು. ಅವರು ಆ ಕಾಲದಲ್ಲಿ ನಕ್ಕದ್ದು ಕಡಮೆ. ಸಂಬಳ ಮೊದಲಿನಷ್ಟೇ, ಬೆಲೆಗಳು ಎಲ್ಲಿಯೋ. ಕಾಳಸಂತೆ ಎಂಬ ಮಾತು ಮನೆಮನೆಯ ಮಾತಾದದ್ದು ಆಗಲೇ.

1943ರಲ್ಲಿ ಬಂಗಾಳದ ಕ್ಷಾಮ ಬಂತು. ಸತ್ತವರನ್ನು ಇಪ್ಪತ್ತರಿಂದ ಮೂವತ್ತು ಲಕ್ಷದವರೆಗೆ ಲೆಕ್ಕ ಹಾಕುತ್ತಾರೆ. ಆ ವರ್ಷ ದೊಡ್ಡ ಪಟ್ಟಣಗಳಿಗೆಲ್ಲ ರೇಷನ್ ಬೇಕೆಂದು ಸರ್ಕಾರ ನೇಮಿಸಿದ ಸಮಿತಿ ಹೇಳಿತು. ಆ ಯುದ್ಧಕಾಲದ ರೇಷನ್ ಕಾರ್ಡು ನಮ್ಮ ಮನೆಯ ದೇವರ ಗೂಡಿನಲ್ಲಿ, ಪಂಚಾಂಗದ ಪಕ್ಕದಲ್ಲಿ, ಜಾಗ ಪಡೆಯಿತು. ಡಿಪೋದ ಮುಂದೆ ಚೀಲಗಳನ್ನು ಸಾಲಾಗಿ ಇಟ್ಟು, ಅವುಗಳ ಮೇಲೊಂದು ಕಲ್ಲಿಟ್ಟು, ಮಕ್ಕಳನ್ನು ಕಾವಲಿಗೆ ನಿಲ್ಲಿಸುತ್ತಿದ್ದರು. ಅಕ್ಕಿ ಸಿಕ್ಕರೆ ನುಸಿ, ಇಲ್ಲದಿದ್ದರೆ ಕಲ್ಲು. ಅನ್ನ ಮುದ್ದೆಗಳಲ್ಲದೆ ಬೇರೆ ಕಾಣದ ಮನೆಗಳಿಗೆ ಗೋಧಿ ಬಂತು. ಅದನ್ನೇನು ಮಾಡಬೇಕೆಂದು ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಂಡರು. ಅಕ್ಕಿಯಿಲ್ಲದ ಆ ದಿನಗಳಲ್ಲೇ ರವೆಯಿಂದ ಇಡ್ಲಿ ಮಾಡಿದೆವೆಂದು ಮಾವಳ್ಳಿ ಟಿಫನ್ ರೂಮಿನವರು ಹೇಳುತ್ತಾರೆ. ಇಂದು ಅದು ಬೆಂಗಳೂರಿನ ಹೆಮ್ಮೆಯ ತಿಂಡಿ. ಹುಟ್ಟಿದ್ದು ಹಸಿವಿನ ಮನೆಯಲ್ಲಿ.

ನಮ್ಮ ತಾಯಿಯವರು ಕೊನೆಗೆ ಉಣ್ಣುತ್ತಿದ್ದರು. ಅದು ಯಾವಾಗಲೂ ಇದ್ದ ಪದ್ಧತಿ. ಆದ್ದರಿಂದ ನಮಗೇನೂ ಅನ್ನಿಸಲಿಲ್ಲ. ಒಂದು ದಿನ ನೀರು ಕುಡಿಯಲು ಹೋದಾಗ, ಅವರು ಗಂಜಿಯ ತಿಳಿಗೆ ಉಪ್ಪು ಹಾಕಿಕೊಂಡು ಕುಡಿದು ಎಲೆ ಹಾಕದೆಯೇ ಎದ್ದುದನ್ನು ಕಂಡೆ. “ಹೊಟ್ಟೆ ಸರಿಯಿಲ್ಲ, ಕಣೋ” ಎಂದರು. ಹೊಟ್ಟೆ ಸರಿಯಿಲ್ಲವೆಂದೇ ನಾನು ಬಹಳ ವರ್ಷ ನಂಬಿದ್ದೆ.

ಪೆಟ್ರೋಲಿನ ಅಭಾವದಿಂದ ಬಸ್ಸುಗಳು ಇದ್ದಲಿಗೆ ತಿರುಗಿದವು. ಬಸ್ಸಿನ ಹಿಂದೆ ಒಂದು ಕಬ್ಬಿಣದ ಹಂಡೆ. ಅದರಲ್ಲಿ ಇದ್ದಲು ಹಾಕಿ, ಗಾಳಿಯನ್ನು ಮಿತವಾಗಿ ಬಿಟ್ಟು ಉರಿಸಿದರೆ ಹುಟ್ಟುವ ಅನಿಲವನ್ನು ಸೋಸಿ ಎಂಜಿನ್ನಿಗೆ ಕೊಡುತ್ತಿದ್ದರು. ಕ್ಲೀನರ್ ಹುಡುಗ ಅರ್ಧ ಗಂಟೆ ಮುಂಚೆಯೇ ಬಂದು ತಿದಿಯ ಚಕ್ರ ತಿರುಗಿಸಬೇಕು. ಪೆಟ್ರೋಲಿನ ಶಕ್ತಿ ಅದಕ್ಕಿಲ್ಲ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಟಿಕೆಟ್ಟು ಕೊಂಡು ಬಸ್ಸು ತಳ್ಳುವ ಕಾಲ ಎಂದು ಜನ ಹಾಸ್ಯ ಮಾಡುತ್ತಿದ್ದರು.

ಅಂಥ ಒಂದು ಬಸ್ಸಿನಲ್ಲಿ, 1943ರ ಕೊನೆಯಲ್ಲೆಂದು ತೋರುತ್ತದೆ, ದೊಡ್ಡಮ್ಮನ ಜೊತೆಗೆ ತುಮಕೂರು ರಸ್ತೆಯ ಕಡೆಯ ಅವರ ತವರಿಗೆ ಹೋಗಿದ್ದೆ. ನಾಲ್ಕು ಸೇರು ರಾಗಿ ತರುವುದು ಉದ್ದೇಶ. ಧಾನ್ಯವನ್ನು ಹಾಗೆ ಊರೊಳಕ್ಕೆ ತರುವುದಕ್ಕೆ ಕಟ್ಟುಪಾಡಿತ್ತು. ಆದಕಾರಣ ರಾಗಿ ನನ್ನ ಶಾಲೆಯ ಚೀಲದಲ್ಲಿ, ಅದರ ಮೇಲೆ ನನ್ನ ಪುಸ್ತಕಗಳು. ಬರುವಾಗ ಯಶವಂತಪುರದ ಹತ್ತಿರ ಬಸ್ಸಿನ ಇದ್ದಲು ಆರಿತು. ಎಲ್ಲರೂ ಇಳಿದು ಮರದ ನೆರಳಿನಲ್ಲಿ ಕೂತೆವು. ಆಗ ಒಂದು ಮಿಲಿಟರಿ ಲಾರಿ ಬಂದು ನಿಂತಿತು. ಅದರ ತುಂಬ ಬಿಳಿಯರು, ಆದರೆ ಸಾಹೇಬರಂತಿರಲಿಲ್ಲ. ಇಬ್ಬರು ಸಿಪಾಯಿಗಳು ಬಂದೂಕು ಹಿಡಿದು ಕಾವಲಿದ್ದರು.

ಅವರು ಇಟಲಿಯ ಯುದ್ಧಕೈದಿಗಳು. 1940-41ರ ಚಳಿಗಾಲದಲ್ಲಿ ಉತ್ತರ ಆಫ್ರಿಕದಲ್ಲಿ ಇಟಲಿಯ ಸೈನ್ಯ ಸೋತಾಗ ಒಂದು ಲಕ್ಷಕ್ಕೂ ಮೀರಿ ಸೆರೆ ಸಿಕ್ಕಿದರು. ಅವರಲ್ಲಿ ಸಾವಿರಾರು ಮಂದಿಯನ್ನು ಹಡಗುಗಳಲ್ಲಿ ಭಾರತಕ್ಕೆ ತಂದು, ಡೆಹರಾಡೂನ್, ಭೋಪಾಲ, ಬೆಂಗಳೂರು ಮೊದಲಾದೆಡೆ ಶಿಬಿರಗಳಲ್ಲಿ ಇಟ್ಟರು. ಇಲ್ಲಿ ಜಾಲಹಳ್ಳಿಯ ಸುತ್ತಮುತ್ತ ಅವರ ಮುಳ್ಳುತಂತಿಯ ಊರು ಎದ್ದಿತ್ತು. ಲಾರಿಯಲ್ಲಿದ್ದವನೊಬ್ಬ, ಇನ್ನೂ ಮೀಸೆ ಬಲಿಯದವನು, ನನ್ನ ಉಡಿದಾರದ ತೂತಿನ ಕಾಸುಗಳನ್ನು ನೋಡಿ ನಕ್ಕು, ಬೆರಳಿನಲ್ಲಿ ತೂತು ಮಾಡಿ ಅದರೊಳಗಿಂದ ಕಣ್ಣು ಹಾಯಿಸಿದ. ನಾನೂ ಹಾಗೆಯೇ ಮಾಡಿದೆ.

ದೊಡ್ಡಮ್ಮ ಕೇಳಿದರು: “ಯಾರಪ್ಪ ಇವರು?”

“ಸೆರೆ ಸಿಕ್ಕವರು, ದೊಡ್ಡಮ್ಮ. ಶತ್ರುಗಳು.”

ಅವರು ಅವನನ್ನೇ ನೋಡುತ್ತಿದ್ದರು. ಆಮೇಲೆ, “ಇವನು ಇಲ್ಲಿರೋದು ಇವನ ತಾಯಿಗೆ ಗೊತ್ತೇನಪ್ಪ?” ಎಂದರು. ಮಡಿಲಿನಲ್ಲಿದ್ದ ಬಾಳೆಯ ಹಣ್ಣುಗಳಲ್ಲಿ ಎರಡನ್ನು ಕೊಡಲು ಎದ್ದರು. ಕಾವಲಿನ ಸಿಪಾಯಿ ಕೈಯಡ್ಡ ಹಿಡಿದ. ಲಾರಿ ಹೊರಟುಹೋಯಿತು. ಊರಿನವರೆಗೂ ಅವರು ಮಾತಾಡಲಿಲ್ಲ. ಆ ಹಣ್ಣುಗಳನ್ನು ನನಗೂ ಕೊಡಲಿಲ್ಲ.

ಟೋಕಿಯೋ ರೇಡಿಯೋದಲ್ಲಿ ಸೆರೆಯಾಳುಗಳ ಹೆಸರು ಹೇಳುತ್ತಾರೆಂದು ಯಾರೋ ಅವರಿಗೆ ಹೇಳಿದರು. ಬೆಂಗಳೂರಿನಲ್ಲಿ ಆಗ ಪ್ರಸಾರ ಕೇಂದ್ರವಿರಲಿಲ್ಲ. ಅದು ಬಂದದ್ದು 1955ರ ನವೆಂಬರಿನಲ್ಲಿ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ‘ಆಕಾಶವಾಣಿ’ಯ ಹೆಸರನ್ನು ನಾವು ಕೇಳಿದ್ದೆವು. ರೇಡಿಯೋ ಪೆಟ್ಟಿಗೆ ಇದ್ದುದು ನಮ್ಮ ಬೀದಿಯ ಒಬ್ಬ ವಕೀಲರ ಮನೆಯಲ್ಲಿ ಮಾತ್ರ. 1942ರಿಂದ ಸುಭಾಷ್‌ಚಂದ್ರ ಬೋಸರ ಧ್ವನಿ ಬರ್ಲಿನಿನಿಂದ, ಆಮೇಲೆ ಸಿಂಗಾಪುರದ ಕಡೆಯಿಂದ ಬರತೊಡಗಿದಾಗ, ಅಲ್ಲಿ ರಾತ್ರಿ ಬಾಗಿಲು ಹಾಕಿ ಕೇಳುತ್ತಿದ್ದರು. ದೊಡ್ಡಮ್ಮ ಹೊರಗೆ ಕಿಟಕಿಯ ಕೆಳಗೆ ಸೆರಗು ಹೊದ್ದು ನಿಂತಿರುತ್ತಿದ್ದರು. ಒಳಗೆ ಬರುತ್ತಿದ್ದುದು ಇಂಗ್ಲಿಷು, ಹಿಂದೂಸ್ತಾನಿ. ಎರಡೂ ಅವರಿಗೆ ತಿಳಿಯದು. ಹೆಸರಾದರೆ ಯಾವ ಭಾಷೆಯಲ್ಲಿ ಹೇಳಿದರೂ ಗೊತ್ತಾಗುತ್ತದಲ್ಲವೆ ಎಂದು ನಮ್ಮ ತಾಯಿಯವರೊಡನೆ ಹೇಳಿದರಂತೆ. ಆ ಹೆಸರು ಬರಲಿಲ್ಲ.

ಸಿಂಗಾಪುರದಲ್ಲಿ ಸಿಕ್ಕಿದ ಭಾರತೀಯ ಸಿಪಾಯಿಗಳ ಗತಿ ಏನಾಯಿತೆಂಬುದು ಈಗ ಪುಸ್ತಕಗಳಲ್ಲಿದೆ. ಹಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು. ಸೇರದ ಸಾವಿರಾರು ಮಂದಿಯನ್ನು ಜಪಾನಿಗಳು ನ್ಯೂಗಿನಿ ಮೊದಲಾದ ದ್ವೀಪಗಳಿಗೆ ಕೂಲಿಗೆ ಒಯ್ದರು. ಅವರಲ್ಲಿ ಬಹಳ ಜನ ಹಸಿವಿನಿಂದ, ರೋಗದಿಂದ ಸತ್ತರು. ಇದನ್ನೆಲ್ಲ ಓದುವಾಗ ನಾನು ಜಗಲಿಯಲ್ಲಿ ಓದುತ್ತಿದ್ದ ಸುದ್ದಿ ನೆನಪಾಗುತ್ತದೆ: ಮೈಸೂರಿನ ಸಿಪಾಯಿಗಳು ಕ್ಷೇಮವಾಗಿದ್ದಾರೆ, ಅವರಿಗೆ ಹೊತ್ತು ಹೊತ್ತಿಗೆ ಊಟ ಕೊಡುತ್ತಿದ್ದಾರೆ. ಒಂದು ಸಲ, ಬೇಸರ ತಪ್ಪಿಸಲು, ಅವರಿಗೆ ಹಬ್ಬದ ದಿನ ಪಾಯಸ ಕೊಟ್ಟರೆಂದೂ ಓದಿದ್ದೆ.

1945ರ ಆಗಸ್ಟಿನಲ್ಲಿ ಜಪಾನು ಸೋತಿತು. ಸೆರೆಯಾಳುಗಳು ಒಬ್ಬೊಬ್ಬರಾಗಿ ಹಿಂದಿರುಗಿದರು. ದೊಡ್ಡಮ್ಮನ ಮಗ ಬಂದದ್ದು 1946ರ ಬೇಸಗೆಯ ಹೊತ್ತಿಗೆ. ಬಾಗಿಲಲ್ಲಿ ನಿಂತವನನ್ನು ನಾವು ಯಾರೂ ಗುರುತು ಹಿಡಿಯಲಿಲ್ಲ. ಅವನು ಫೌಜಿಗೆ ಸೇರಿದ್ದನೇ ಇಲ್ಲವೇ ಎಂದು ಗಂಡಸರು ಕೇಳಿ ನೋಡಿದರು, ಅವನು ಹೇಳಲಿಲ್ಲ. ಅವನು ಬಂದ ಸಮಯವೂ ಎಂಥದು! ಹಿಂದಿನ ಮಳೆ ಹೋಗಿ ಮೈಸೂರು ಸೀಮೆಗೆ ಬರ ಬಿದ್ದಿತ್ತು. ಯುದ್ಧ ಮುಗಿದಿದ್ದರೂ ರೇಷನ್ನು ಇನ್ನೂ ಇಳಿದು, ತಲೆಗೆ ದಿನಕ್ಕೆ ಹನ್ನೆರಡು ಔನ್ಸು, ಎಂದರೆ ಸುಮಾರು 340 ಗ್ರಾಂ ಧಾನ್ಯಕ್ಕೆ ಬಂದಿತ್ತು. ಆ ಏಪ್ರಿಲಿನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಹರ್ಬರ್ಟ್ ಹೂವರ್ ಲೋಕದ ಕ್ಷಾಮವನ್ನು ಅಳೆಯುತ್ತ ಬೆಂಗಳೂರಿಗೂ ಬಂದು ಹೋದರು. ಮೂರೂವರೆ ವರ್ಷ ಹಸಿದು ಮನೆಗೆ ಬಂದವನಿಗೆ ತಾಯಿ ಅಳೆದು ಬಡಿಸಬೇಕಾಯಿತು. ವಠಾರದವರು ತಲಾ ಒಂದು ಹಿಡಿ ಹಿಟ್ಟು ತಂದು ಕೊಟ್ಟರು. ನಮ್ಮ ತಾಯಿಯವರ ಹಿಡಿಯನ್ನು ಒಯ್ದವನು ನಾನು.

ಅಂದು ಜಗಲಿಯ ಮೇಲೆ ದೊಡ್ಡಮ್ಮ ನನ್ನನ್ನು ತೋರಿಸಿ, “ಈ ಮಗು ದಿನಾ ನಿನ್ನ ಸುದ್ದಿ ಓದಿ ಹೇಳ್ತಿತ್ತು ಕಣಪ್ಪ” ಎಂದರು.

ಅವನು ನನ್ನ ಕಡೆ ತಿರುಗಿದ. “ನಮ್ಮ ಸುದ್ದಿ ಯಾವ ಪತ್ರಿಕೇಲಿ ಬಂದಿತ್ತು?” ಎಂದ.

ನಾನು ತಲೆ ತಗ್ಗಿಸಿದೆ. ದೊಡ್ಡಮ್ಮನೇ ಉತ್ತರ ಹೇಳಿದರು: “ಬಂದಿತ್ತು ಬಿಡು. ಪಾಯಸ ಕೊಟ್ಟದ್ದೂ ಬಂದಿತ್ತು.” ಅವರು ನಗುತ್ತಿರಲಿಲ್ಲ. ಎಷ್ಟು ದಿನದಿಂದ ಅವರಿಗೆ ಗೊತ್ತಿತ್ತೋ ನನಗೆ ತಿಳಿಯದು. ಕೇಳುವ ಧೈರ್ಯ ಕೊನೆಗೂ ಬರಲಿಲ್ಲ.

ಯುದ್ಧದಿಂದ ಬೆಂಗಳೂರಿಗೆ ಆದ ಲಾಭವನ್ನು ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ರಿಪೇರಿಯ ಆ ಕಾರ್ಖಾನೆ 1964ರಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಆಯಿತು. ಕೈದಿಗಳಿದ್ದ ಜಾಲಹಳ್ಳಿಯಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿತು. 1941ರ ಜನಗಣತಿಯಲ್ಲಿ ನಗರ ಮತ್ತು ದಂಡು ಸೇರಿ ಸುಮಾರು 4 ಲಕ್ಷ ಇದ್ದ ಜನ 1951ರಲ್ಲಿ ಸುಮಾರು 7.8 ಲಕ್ಷವಾದರು. ಪಿಂಚಣಿದಾರರ ಊರು ಕಾರ್ಮಿಕರ ಊರಾಯಿತು. ಇದೆಲ್ಲ ನಿಜ, ಮತ್ತು ಇದು ಚಿಕ್ಕ ಸಂಗತಿಯಲ್ಲ. ಆದರೆ ಲೆಕ್ಕದ ಪುಸ್ತಕಕ್ಕೆ ಎರಡು ಕಡೆ ಇರುತ್ತದೆ. ಎಲೆ ಹಾಕದೆ ಎದ್ದವರು ಎಷ್ಟು ಮಂದಿ, ಕಿಟಕಿಯ ಕೆಳಗೆ ನಿಂತವರು ಎಷ್ಟು ಮಂದಿ, ಇಬ್ಬರು ಮಕ್ಕಳ ನಡುವೆ ಬಾಯಿ ಮುಚ್ಚಿಕೊಂಡವರು ಎಷ್ಟು ಮಂದಿ, ಇದನ್ನು ಯಾವ ಕಚೇರಿಯೂ ಬರೆದಿಡಲಿಲ್ಲ. ಹೆಚ್ಚಾಗಿ ಅವರು ಹೆಂಗಸರು; ಹೆಚ್ಚಾಗಿ ಓದು ಬಾರದವರು. ಅವರನ್ನು ನೋಡಿದವರು ಮಕ್ಕಳು.

ನನ್ನ ಪೆಟ್ಟಿಗೆಯಲ್ಲಿ ಒಂದು ತೂತಿನ ಕಾಸು ಇನ್ನೂ ಇದೆ. ಮೊಮ್ಮಕ್ಕಳು ಅದನ್ನು ಬೆರಳಿಗೆ ಸಿಕ್ಕಿಸಿ, ಇದರ ನಡುವಿನದು ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಯುದ್ಧಕ್ಕೆ ಹೋಯಿತು ಎನ್ನುತ್ತೇನೆ. ಕೇಳಿದ ಮಗುವಿಗೆ ಸ್ವಲ್ಪ ಬಿಡುವಿದ್ದರೆ, ದೊಡ್ಡಮ್ಮನ ಜಗಲಿಯಿಂದ ಆರಂಭಿಸಿ ಉಳಿದುದನ್ನೂ ಹೇಳುತ್ತೇನೆ.